ತಿರುಚಿದ ಏಳು ತಂತಿಗಳು: ಹಳೆಯ ಕಂಪ್ಯೂಟರುಗಳ ಡ್ರೈವ್ ಜೋಡಣೆ ಮತ್ತು ದೋಷಶೋಧನೆಯ ಚರಿತ್ರೆ

1980ರ ದಶಕದ ಐಬಿಎಂ ಮಾದರಿಯ ಪರ್ಸನಲ್ ಕಂಪ್ಯೂಟರೊಂದರ ಹೊದಿಕೆಯನ್ನು ತೆಗೆದರೆ, ಕಂಟ್ರೋಲರ್ ಕಾರ್ಡಿನಿಂದ ಫ್ಲಾಪಿ ಡ್ರೈವಿನವರೆಗೆ ಹೋಗುವ ಬೂದುಬಣ್ಣದ ಚಪ್ಪಟೆ ಕೇಬಲ್ ಕಾಣಿಸುತ್ತದೆ. ಅದರಲ್ಲಿ ಒತ್ತೊತ್ತಾಗಿ ಜೋಡಿಸಿದ 34 ತಂತಿಗಳಿವೆ. ಕೊನೆಯ ಕನೆಕ್ಟರಿಗೆ ಸ್ವಲ್ಪ ಮೊದಲು ಅವುಗಳಲ್ಲಿ ಏಳನ್ನು ಮಾತ್ರ ಸೀಳಿ, ಅರ್ಧ ಸುತ್ತು ತಿರುಚಿ, ಮತ್ತೆ ಸಾಲಿಗೆ ಸೇರಿಸಿರುತ್ತಾರೆ. ಮೊದಲ ಬಾರಿಗೆ ನೋಡುವವರಿಗೆ ಅದು ತಯಾರಿಕೆಯ ಲೋಪದಂತೆ, ಇಲ್ಲವೇ ಯಾರೋ ಅವಸರದಲ್ಲಿ ಮಾಡಿದ ರಿಪೇರಿಯಂತೆ ತೋರುವುದು ಸಹಜ. ಆದರೆ ಅದನ್ನು ಬದಲಿಸಿ ತಿರುಚಿಲ್ಲದ ನೇರ ಕೇಬಲನ್ನು ಹಾಕಿದ ಕೂಡಲೇ ಯಂತ್ರಕ್ಕೆ ತನ್ನ ಮೊದಲ ಡ್ರೈವ್ ಸಿಗದಂತಾಗುತ್ತದೆ. ಪರದೆಯ ಮೇಲೆ 601 ಎಂಬ ದೋಷಸಂಖ್ಯೆ ಮೂಡುತ್ತದೆ. ಡ್ರೈವ್ ಕೆಟ್ಟಿರುವುದಿಲ್ಲ, ಕಾರ್ಡ್ ಕೆಟ್ಟಿರುವುದಿಲ್ಲ, ಹೊಸ ಕೇಬಲಿನ ಒಂದು ತಂತಿಯೂ ತುಂಡಾಗಿರುವುದಿಲ್ಲ. ಡ್ರೈವನ್ನು ಯಾವ ಹೆಸರಿನಿಂದ ಕರೆಯಬೇಕೆಂಬ ಒಪ್ಪಂದ ಮಾತ್ರ ಮುರಿದಿರುತ್ತದೆ.

ಹಳೆಯ ಕಂಪ್ಯೂಟರುಗಳಲ್ಲಿ ಡ್ರೈವ್‌ಗಳ ಜೋಡಣೆಗೆ ಸಂಬಂಧಿಸಿದ ದೋಷಗಳಲ್ಲಿ ಬಹಳಷ್ಟು ಈ ಬಗೆಯವು. ಒಂದೇ ಕೇಬಲಿನಲ್ಲಿ ಎರಡು ಅಥವಾ ಹೆಚ್ಚು ಡ್ರೈವ್‌ಗಳಿದ್ದಾಗ ಕಂಪ್ಯೂಟರ್ ಕರೆದದ್ದು ಯಾವುದನ್ನು ಎಂಬ ಪ್ರಶ್ನೆಗೆ 1976ರಿಂದ 1994ರ ನಡುವಿನ ತಂತ್ರಜ್ಞರು ಬೇರೆ ಬೇರೆ ಉತ್ತರಗಳನ್ನು ಕೊಟ್ಟರು. ಗುರುತನ್ನು ಕೆಲವರು ಡ್ರೈವಿನ ಮೇಲಿಟ್ಟರು, ಕೆಲವರು ಕೇಬಲಿನಲ್ಲಿ, ಇನ್ನು ಕೆಲವರು ಬ್ಯಾಟರಿಯ ಬಲದಿಂದ ಉಳಿಯುವ ಸ್ಮೃತಿಯಲ್ಲಿ. ಆ ಉತ್ತರಗಳ ತಿಳಿವಳಿಕೆ ಮರೆಯಾದಂತೆಲ್ಲ, ಓದಿಗೆ ಸಿಗದ ಫ್ಲಾಪಿಯನ್ನು ‘ಸತ್ತದ್ದು’ ಎಂದು ಎಸೆಯುವ ಸಾಧ್ಯತೆ ಹೆಚ್ಚುತ್ತದೆ. 1985ರಿಂದ 2000ದ ಆಸುಪಾಸಿನವರೆಗಿನ ಬರಹಗಳು ಯಾವ ಸಮುದಾಯಗಳಲ್ಲಿ ಕಂಪ್ಯೂಟರಿಗೆ ಇಳಿದು, ಮುದ್ರಣಕ್ಕೆ ಏರದೆ ಉಳಿದಿವೆಯೋ ಆ ಸಮುದಾಯಗಳಿಗೆ ಈ ಚರಿತ್ರೆ ಯಂತ್ರಪ್ರಿಯರ ಹವ್ಯಾಸವಷ್ಟೇ ಆಗಲಾರದು.

ಒಂದೇ ದಾರಿ, ಹಲವು ಡ್ರೈವ್‌ಗಳು

ಫ್ಲಾಪಿ ಡಿಸ್ಕ್ ಮೊದಲಿಗೆ ಬಂದದ್ದು ದೊಡ್ಡ ಯಂತ್ರಗಳ ಸೇವೆಗೆ. 1971ರಲ್ಲಿ ಐಬಿಎಂ ಸಂಸ್ಥೆಯು ತನ್ನ ಸಿಸ್ಟಂ 370 ಕಂಪ್ಯೂಟರುಗಳಿಗೆ ಒಳಸೂಚನೆಗಳನ್ನು ತುಂಬಲು 8 ಇಂಚಿನ, ಓದಲು ಮಾತ್ರ ಬರುವ ಡಿಸ್ಕನ್ನು ಬಳಕೆಗೆ ತಂದಿತು. ಅಲ್ಲಿ ದುಡಿದಿದ್ದ ಅಲನ್ ಶುಗಾರ್ಟ್ 1973ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದೇ ಸಂಸ್ಥೆ 1976ರಲ್ಲಿ ಎಸ್‌ಎ-400 ಎಂಬ 5¼ ಇಂಚಿನ ಡ್ರೈವನ್ನು ಮಾರುಕಟ್ಟೆಗೆ ತಂದಿತು. ಒಂದೇ ಮುಖ, 35 ಟ್ರ್ಯಾಕುಗಳು, ಫಾರ್ಮ್ಯಾಟ್ ಮಾಡುವ ಮೊದಲಿನ ಲೆಕ್ಕದಲ್ಲಿ ಸುಮಾರು 110 ಕಿಲೋಬೈಟು: ಇಂದಿನ ಅಳತೆಯಲ್ಲಿ ಅದು ತೀರ ಅಲ್ಪ. ಆ ಡ್ರೈವಿನ ಗಾತ್ರ ಮತ್ತು ಸಾಮರ್ಥ್ಯ ಬೇಗನೆ ಹಳೆಯದಾದವು. ಅದರ ಹಿಂಬದಿಯ 34 ಪಿನ್ನುಗಳ ವಿನ್ಯಾಸ ಮಾತ್ರ ಮುಂದಿನ ಎರಡು ದಶಕಗಳ ಫ್ಲಾಪಿ ಡ್ರೈವ್‌ಗಳಿಗೆ ಅಡಿಪಾಯವಾಯಿತು.

ಆ ವಿನ್ಯಾಸದ ಮೂಲತತ್ತ್ವ ಸರಳ. ಬೆಸಸಂಖ್ಯೆಯ ಪಿನ್ನುಗಳೆಲ್ಲವೂ ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ತಂತಿಗಳು. ಸಮಸಂಖ್ಯೆಯವು ಸಂಕೇತದ ತಂತಿಗಳು. ಸಂಕೇತ ಕೊಡುವುದೆಂದರೆ ಆಯಾ ತಂತಿಯ ವೋಲ್ಟೇಜನ್ನು ಸೊನ್ನೆಯ ಸಮೀಪಕ್ಕೆ ಇಳಿಸುವುದು. ಮೋಟಾರ್ ತಿರುಗಲಿ, ಹೆಡ್ ಒಳಗೆ ಸರಿಯಲಿ, ಓದಿದ್ದು ಬರಲಿ, ಬರೆಯುವುದು ಆರಂಭವಾಗಲಿ ಎಂಬ ಆಜ್ಞೆಗಳಿಗೆಲ್ಲ ಒಂದೊಂದು ತಂತಿ. ಒಂದೇ ಕೇಬಲಿಗೆ ಪೋಣಿಸಿದ ಎಲ್ಲ ಡ್ರೈವ್‌ಗಳಿಗೂ ಈ ಆಜ್ಞೆಗಳು ತಲುಪುತ್ತವೆ. ಯಾವ ಡ್ರೈವ್ ಅದನ್ನು ತನಗೆ ಹೇಳಿದ್ದೆಂದು ಸ್ವೀಕರಿಸಬೇಕು ಎಂಬುದನ್ನು ನಿರ್ಧರಿಸಲು 10, 12 ಮತ್ತು 14ನೆಯ ಪಿನ್ನುಗಳನ್ನು ಮೀಸಲಿಡಲಾಯಿತು. ಡ್ರೈವಿನ ಸರ್ಕ್ಯೂಟ್ ಬೋರ್ಡಿನಲ್ಲಿ ಜಂಪರ್ ಎಂಬ ಪುಟ್ಟ ಕೊಂಡಿಯನ್ನು ಸಿಕ್ಕಿಸಿ, ಈ ಮೂರರಲ್ಲಿ ಯಾವುದು ತನ್ನ ಕರೆ ಎಂದು ಆ ಡ್ರೈವಿಗೆ ತಿಳಿಸಬೇಕಿತ್ತು.

ಇಷ್ಟರಿಂದಲೇ ಎರಡು ಮೂಲಭೂತ ದೋಷಗಳು ಹುಟ್ಟಿಕೊಂಡವು. ಎರಡು ಡ್ರೈವ್‌ಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ಒಂದು ಕರೆಗೆ ಎರಡೂ ಓಗೊಟ್ಟು, ಒಂದೇ ತಂತಿಯಲ್ಲಿ ಎರಡು ಮಾತು ಕಲಸಿಹೋಗುತ್ತವೆ. ಯಾವ ಡ್ರೈವಿಗೂ ಆ ಸಂಖ್ಯೆ ಇರದಿದ್ದರೆ ಕರೆಗೆ ಉತ್ತರವೇ ಇಲ್ಲ. ಮೂರನೆಯ ದೋಷ ವಿದ್ಯುತ್ತಿನ ಸ್ವಭಾವದಿಂದ ಬರುವಂಥದ್ದು. ಕೇಬಲಿನ ತುದಿಯಲ್ಲಿ ಸಂಕೇತ ಪ್ರತಿಫಲಿಸಿ ಹಿಂದಿರುಗದಂತೆ, ಕಟ್ಟಕಡೆಯ ಡ್ರೈವಿನಲ್ಲಿ ಮಾತ್ರ 150 ಓಮ್‌ಗಳ ರೆಸಿಸ್ಟರುಗಳ ಪುಟ್ಟ ಕಟ್ಟೊಂದನ್ನು ಕೂರಿಸಬೇಕಿತ್ತು. ಅದಕ್ಕೆ ಟರ್ಮಿನೇಟರ್ ಎಂದು ಹೆಸರು. ಅದು ಇಲ್ಲದಿದ್ದರೆ ಡ್ರೈವ್ ಒಮ್ಮೆ ಓದುತ್ತದೆ, ಒಮ್ಮೆ ಓದುವುದಿಲ್ಲ. ಎರಡೂ ಡ್ರೈವ್‌ಗಳಲ್ಲಿ ಇದ್ದರೆ ಸಂಕೇತ ಕಳಿಸುವ ಚಿಪ್ಪಿಗೆ ಹೊರೆ ಹೆಚ್ಚುತ್ತದೆ. ಇಂಥ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುವ ದೋಷದ ಆರೋಪವು ಸಾಮಾನ್ಯವಾಗಿ ಫ್ಲಾಪಿಯ ಮೇಲೆಯೇ ಬೀಳುತ್ತಿತ್ತು.

ಗುರುತನ್ನು ಎಲ್ಲಿಡುವುದು?

ಜಂಪರ್ ಇಡುವ ಕೆಲಸ ಎಂಜಿನಿಯರಿಗೆ ಸುಲಭ. ಅಂಗಡಿಯಿಂದ ಪೆಟ್ಟಿಗೆ ತಂದು ಮನೆಯಲ್ಲಿ ಬಿಚ್ಚುವವರಿಗೆ ಅದು ಸುಲಭವಾಗಿರಲಿಲ್ಲ. ಕಂಪ್ಯೂಟರ್ ವೈಯಕ್ತಿಕ ಬಳಕೆಯ ವಸ್ತುವಾಗತೊಡಗಿದ 1970ರ ದಶಕದ ಕೊನೆಯಲ್ಲಿ ಪ್ರತಿಯೊಂದು ತಯಾರಕ ಸಂಸ್ಥೆಯೂ ಇದಕ್ಕೆ ತನ್ನದೇ ಪರಿಹಾರ ಹುಡುಕಿತು.

ಆಪಲ್ ಸಂಸ್ಥೆಗಾಗಿ ಸ್ಟೀವ್ ವೋಜ್ನಿಯಾಕ್ 1978ರಲ್ಲಿ ರೂಪಿಸಿದ ಡಿಸ್ಕ್ 2 ವ್ಯವಸ್ಥೆಯಲ್ಲಿ ಪ್ರಶ್ನೆಯನ್ನೇ ತೆಗೆದುಹಾಕಲಾಯಿತು. ಶುಗಾರ್ಟ್ ಡ್ರೈವಿನ ಯಂತ್ರಭಾಗವನ್ನು ಉಳಿಸಿಕೊಂಡು, ಅದರ ಎಲೆಕ್ಟ್ರಾನಿಕ್ ಭಾಗದ ಬಹುಪಾಲನ್ನು ಕಳಚಿ, ನಿಯಂತ್ರಣದ ಕೆಲಸವನ್ನು ಕಾರ್ಡಿಗೂ ತಂತ್ರಾಂಶಕ್ಕೂ ವರ್ಗಾಯಿಸಲಾಯಿತು. ಕಾರ್ಡಿನಲ್ಲಿ 20 ಪಿನ್ನುಗಳ ಎರಡು ಪ್ರತ್ಯೇಕ ಸಾಲುಗಳಿದ್ದವು: ಒಂದು ಮೊದಲ ಡ್ರೈವಿಗೆ, ಇನ್ನೊಂದು ಎರಡನೆಯದಕ್ಕೆ. ಒಂದು ಕೇಬಲಿಗೆ ಒಂದೇ ಡ್ರೈವ್ ಇರುವುದರಿಂದ ಹೆಸರಿನ ಗೊಂದಲಕ್ಕೆ ಎಡೆಯೇ ಇರಲಿಲ್ಲ. ಆದರೆ ಪಿನ್ನುಗಳ ಸಾಲಿಗೆ ಅಂಚುಕಟ್ಟಾಗಲಿ, ತಪ್ಪಾಗಿ ಕೂರದಂತೆ ತಡೆಯುವ ಗೂಟವಾಗಲಿ ಇರಲಿಲ್ಲ. ಕನೆಕ್ಟರ್ ಒಂದು ಪಿನ್ನಿನಷ್ಟು ಪಕ್ಕಕ್ಕೆ ಸರಿದು ಕೂತಿದ್ದಾಗ ಯಂತ್ರವನ್ನು ಚಾಲೂ ಮಾಡಿದರೆ ಡ್ರೈವಿನೊಳಗಿನ 74ಎಲ್‌ಎಸ್125 ಎಂಬ ಚಿಪ್ ಸುಟ್ಟುಹೋಗುತ್ತಿತ್ತು. ಆಪಲ್ 2 ರಿಪೇರಿ ಮಾಡುವವರು ಇಂದಿಗೂ ಆ ಚಿಪ್ಪನ್ನು ಹತ್ತಿರ ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ.

ಟ್ಯಾಂಡಿ ಸಂಸ್ಥೆಯ ಟಿಆರ್‌ಎಸ್-80 ಯಂತ್ರದ ಪರಿಹಾರ ಇನ್ನೊಂದು ಬಗೆಯದು. ಅಲ್ಲಿ ಪ್ರತಿ ಡ್ರೈವಿನಲ್ಲಿಯೂ ಎಲ್ಲ ಕರೆಗಳಿಗೆ ಓಗೊಡುವಂತೆ ಜಂಪರುಗಳನ್ನು ಇಟ್ಟು, ಕೇಬಲಿನ ಒಂದೊಂದು ಕನೆಕ್ಟರಿನಲ್ಲಿಯೂ ಬೇಡದ ಹಲ್ಲುಗಳನ್ನು ಕಿತ್ತುಹಾಕಲಾಗಿತ್ತು. ಯಾವ ಕನೆಕ್ಟರಿಗೆ ಸಿಕ್ಕಿಸಿದರೆ ಯಾವ ಕರೆ ಮಾತ್ರ ತಲುಪುತ್ತದೆ ಎಂಬುದರಿಂದ ಡ್ರೈವಿನ ಸಂಖ್ಯೆ ನಿಗದಿಯಾಗುತ್ತಿತ್ತು. ಇದಕ್ಕೆ ವಿರುದ್ಧವಾಗಿ, ಕಮೋಡೋರ್ ಸಂಸ್ಥೆಯ 1541 ಡ್ರೈವ್ 1982ರಲ್ಲಿ ಬಂದಾಗ ಗುರುತನ್ನು ಡ್ರೈವಿನಲ್ಲಿಯೇ ಕೆತ್ತಿಕೊಂಡಿತ್ತು. ಕಾರ್ಖಾನೆಯಿಂದ ಹೊರಡುವಾಗ ಎಲ್ಲವೂ 8ನೆಯ ಸಂಖ್ಯೆಯವು. ಎರಡನೆಯ ಡ್ರೈವನ್ನು ಶಾಶ್ವತವಾಗಿ 9 ಮಾಡಬೇಕಾದರೆ ಬೋರ್ಡಿನ ಮೇಲಿನ ತಾಮ್ರದ ಗೆರೆಯೊಂದನ್ನು ಚಾಕುವಿನಿಂದ ಕತ್ತರಿಸಬೇಕಿತ್ತು. ಅಂದರೆ ಒಂದು ಪದ್ಧತಿಯಲ್ಲಿ ವಸ್ತುವಿಗೆ ಹೆಸರು ಬರುವುದು ಅದು ನಿಂತ ಜಾಗದಿಂದ. ಇನ್ನೊಂದರಲ್ಲಿ ಅದರ ಮೈಮೇಲಿನ ಗುರುತಿನಿಂದ. ಮುಂದಿನ ಎಲ್ಲ ಬೆಳವಣಿಗೆಗಳೂ ಈ ಎರಡು ತತ್ತ್ವಗಳ ನಡುವೆಯೇ ತೂಗಾಡಿದವು.

ತಿರುಚಿನ ತರ್ಕ

1981ರ ಆಗಸ್ಟ್ 12ರಂದು ಘೋಷಿತವಾದ ಐಬಿಎಂ ಪರ್ಸನಲ್ ಕಂಪ್ಯೂಟರ್ ಆರಿಸಿಕೊಂಡದ್ದು ಜಾಗದ ತತ್ತ್ವವನ್ನು. ಕಾರ್ಖಾನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಜಂಪರ್ ಬದಲಿಸುವ ಪ್ರಮೇಯ ಬಾರದಿರಲೆಂದು ಎಲ್ಲ ಡ್ರೈವ್‌ಗಳನ್ನೂ ಎರಡನೆಯ ಸಂಖ್ಯೆಗೆ, ಅಂದರೆ 12ನೆಯ ಪಿನ್ನಿನ ಕರೆಗೆ ಓಗೊಡುವಂತೆ ಇಡಲಾಯಿತು. ಪ್ರತಿ ಡ್ರೈವೂ 16ನೆಯ ಪಿನ್ನಿನಲ್ಲಿ ಮೋಟಾರಿನ ಆಜ್ಞೆಯನ್ನು ನಿರೀಕ್ಷಿಸುತ್ತಿತ್ತು. ಕಂಟ್ರೋಲರ್ ಕಾರ್ಡ್ ತನ್ನ ಕಡೆಯಿಂದ 12ರಲ್ಲಿ ‘ಬಿ’ಯ ಕರೆ, 16ರಲ್ಲಿ ‘ಬಿ’ಯ ಮೋಟಾರು, 14ರಲ್ಲಿ ‘ಎ’ಯ ಕರೆ, 10ರಲ್ಲಿ ‘ಎ’ಯ ಮೋಟಾರು ಎಂಬಂತೆ ಸಂಕೇತಗಳನ್ನು ಕಳಿಸುತ್ತಿತ್ತು.

ಕೇಬಲಿನ ನಡುವಿನ ಕನೆಕ್ಟರಿಗೆ ತಂತಿಗಳು ನೇರವಾಗಿ ಹೋಗುತ್ತವೆ. ಅಲ್ಲಿರುವ ಡ್ರೈವ್ ‘ಬಿ’ ಆಗುತ್ತದೆ. ಅಲ್ಲಿಂದ ಮುಂದೆ 10ರಿಂದ 16ರವರೆಗಿನ ಏಳು ತಂತಿಗಳು ತಿರುವುಮುರುವಾಗುತ್ತವೆ: 10 ಹೋಗಿ 16ರ ಜಾಗಕ್ಕೆ, 14 ಹೋಗಿ 12ರ ಜಾಗಕ್ಕೆ ಬರುತ್ತವೆ. ನಡುವಿನ 11, 13, 15 ಹೇಗೂ ಗ್ರೌಂಡ್ ತಂತಿಗಳಾದ್ದರಿಂದ ಅವುಗಳ ಅದಲುಬದಲಿನಿಂದ ಬಾಧಕವಿಲ್ಲ. ಹೀಗೆ ತುದಿಯಲ್ಲಿರುವ ಡ್ರೈವ್ ತನ್ನ 12ನೆಯ ಪಿನ್ನಿನಲ್ಲಿ ‘ಎ’ಯ ಕರೆಯನ್ನೂ 16ನೆಯದರಲ್ಲಿ ‘ಎ’ಯ ಮೋಟಾರಿನ ಆಜ್ಞೆಯನ್ನೂ ಪಡೆಯುತ್ತದೆ. ಎರಡೂ ಡ್ರೈವ್‌ಗಳು ತಾವು ಎರಡನೆಯವೆಂದೇ ತಿಳಿದಿರುತ್ತವೆ. ಅವುಗಳಲ್ಲಿ ಒಂದನ್ನು ಮೊದಲನೆಯದಾಗಿಸುವುದು ತಿರುಚು.

‘ಎ’, ‘ಬಿ’ ಎಂಬ ಹೆಸರುಗಳೂ ಯಂತ್ರದ ಭಾಗಗಳಲ್ಲ. ಗ್ಯಾರಿ ಕಿಲ್ಡಾಲ್ ಅವರ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯಿಂದ ಡಾಸ್ ಅವುಗಳನ್ನು ಪಡೆಯಿತು. ಒಂದೇ ಫ್ಲಾಪಿ ಡ್ರೈವ್ ಇರುವ ಯಂತ್ರದಲ್ಲಿ ಡಾಸ್ ಅದನ್ನೇ ಎರಡೂ ಹೆಸರಿನಿಂದ ಕರೆದು, ‘ಬಿ’ಯ ಡಿಸ್ಕನ್ನು ಈಗ ಹಾಕಿ ಎಂದು ಬಳಕೆದಾರರನ್ನು ಕೇಳುತ್ತಿತ್ತು. ಮೊದಲ ಹಾರ್ಡ್ ಡಿಸ್ಕಿಗೆ ‘ಸಿ’ ಎಂಬ ಹೆಸರು ಬಂದದ್ದೂ ಮೊದಲೆರಡು ಅಕ್ಷರಗಳನ್ನು ಫ್ಲಾಪಿಗೆ ಮೀಸಲಿಟ್ಟ ಕಾರಣದಿಂದ. ಫ್ಲಾಪಿ ಮರೆಯಾಗಿ ವರ್ಷಗಳಾದರೂ ಆ ಎರಡು ಅಕ್ಷರಗಳ ಜಾಗ ಖಾಲಿಯಾಗಿಯೇ ಉಳಿದುಬಂದಿದೆ.

ಈ ಏರ್ಪಾಡಿನ ಕೀಲಿಕೈ ಗುಟ್ಟಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಐಬಿಎಂ ತನ್ನ ತಾಂತ್ರಿಕ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆಗಳನ್ನೂ ಬಯಾಸ್ ತಂತ್ರಾಂಶದ ಮೂಲಪಾಠವನ್ನೂ ಅಚ್ಚು ಮಾಡಿತ್ತು. ಆಪಲ್ 2ರ ಕೈಪಿಡಿಯೂ ಹಾಗೆಯೇ ನಕ್ಷೆ ಸಹಿತವಾಗಿ ಬಂದಿತ್ತು. ಆ ಕಾಲದ ಯಂತ್ರ ಪುಸ್ತಕದ ಜೊತೆಯಲ್ಲಿ ಬಾಳುವ ವಸ್ತು. ಪುಸ್ತಕ ಕಳೆದುಹೋಗಿ ಯಂತ್ರವೊಂದೇ ಉಳಿದಾಗ ತಿರುಚು ಅರ್ಥ ಕಳೆದುಕೊಂಡು ಅನುಮಾನಕ್ಕೆ ಗುರಿಯಾಗುತ್ತದೆ.

ಲಕ್ಷಣದಿಂದ ಕಾರಣಕ್ಕೆ

ಫ್ಲಾಪಿ ಡ್ರೈವಿನ ದೋಷಶೋಧನೆ ಪ್ರಧಾನವಾಗಿ ಲಕ್ಷಣಗಳನ್ನು ಓದುವ ವಿದ್ಯೆ. ಅತ್ಯಂತ ಪ್ರಸಿದ್ಧವಾದ ಲಕ್ಷಣವೆಂದರೆ, ಯಂತ್ರ ಚಾಲೂ ಆದೊಡನೆ ಡ್ರೈವಿನ ದೀಪ ಹೊತ್ತಿಕೊಂಡು ಆರದೆ ಉಳಿಯುವುದು. ಕೇಬಲನ್ನು ತಲೆಕೆಳಗಾಗಿ ಸಿಕ್ಕಿಸಿದೆ ಎಂಬುದಕ್ಕೆ ಅದು ಸಾಕ್ಷಿ. ತಲೆಕೆಳಗಾದಾಗ ಡ್ರೈವಿನ ಸಮಸಂಖ್ಯೆಯ ಪಿನ್ನುಗಳೆಲ್ಲ ಗ್ರೌಂಡ್ ತಂತಿಗಳಿಗೆ ಸೇರುತ್ತವೆ. ಸೊನ್ನೆಗಿಳಿದ ತಂತಿ ಎಂದರೆ ಆಜ್ಞೆ ಎಂಬುದು ಒಪ್ಪಂದವಾದ್ದರಿಂದ, ಡ್ರೈವಿಗೆ ಎಲ್ಲ ಆಜ್ಞೆಗಳೂ ಏಕಕಾಲಕ್ಕೆ ಬಂದಂತಾಗುತ್ತದೆ: ನಿನ್ನನ್ನೇ ಕರೆದಿದೆ, ಮೋಟಾರು ತಿರುಗಿಸು, ಬರೆ. ಈ ಕೊನೆಯ ಆಜ್ಞೆಯ ಕಾರಣದಿಂದಲೇ ಇದು ಅಪಾಯಕಾರಿ. ಬರಹರಕ್ಷಣೆ ಇಲ್ಲದ ಡಿಸ್ಕನ್ನು ಆ ಸ್ಥಿತಿಯಲ್ಲಿ ಒಳಗೆ ಹಾಕಿದರೆ ಹೆಡ್ಡಿನ ಕೆಳಗಿನ ಟ್ರ್ಯಾಕ್ ಅಳಿಸಿಹೋಗುತ್ತದೆ. ಕೇಬಲಿನ ಅಂಚಿನ ಕೆಂಪು ಗೆರೆ 1ನೆಯ ಪಿನ್ನಿನ ಕಡೆಗಿರಬೇಕೆಂಬ ಪಾಠ ಹುಟ್ಟಿದ್ದು ಇಂಥ ಅನುಭವಗಳಿಂದ.

ಇನ್ನೊಂದು ಲಕ್ಷಣ ಹೆಚ್ಚು ಕುಟಿಲ. ಒಂದು ಫ್ಲಾಪಿಯ ಕಡತಪಟ್ಟಿಯನ್ನು ನೋಡಿ, ಅದನ್ನು ತೆಗೆದು ಎರಡನೆಯದನ್ನು ಹಾಕಿದರೂ ಪರದೆಯ ಮೇಲೆ ಮೊದಲನೆಯದರ ಪಟ್ಟಿಯೇ ಬರುತ್ತದೆ. ಡಿಸ್ಕ್ ಬದಲಾಗಿದೆ ಎಂಬ ಸುದ್ದಿ ಕಂಪ್ಯೂಟರಿಗೆ ತಲುಪಿಲ್ಲವೆಂದು ಇದರ ಅರ್ಥ. ಐಬಿಎಂ ಎಟಿ ಯಂತ್ರಗಳಿಂದ ಆಚೆಗೆ ಆ ಸುದ್ದಿಗೆ 34ನೆಯ ಪಿನ್ ಮೀಸಲಾಗಿತ್ತು. ಅದೇ ಕಾಲದ ಇತರ ಪದ್ಧತಿಗಳಲ್ಲಿ ಅದೇ ಪಿನ್ ‘ಸಿದ್ಧವಾಗಿದ್ದೇನೆ’ ಎಂಬ ಬೇರೆ ಮಾತನ್ನು ಹೇಳುತ್ತಿತ್ತು. ಒಂದು ಪದ್ಧತಿಯ ಡ್ರೈವನ್ನು ಇನ್ನೊಂದರಲ್ಲಿ ಕೂರಿಸಿದರೆ ಓದುವುದು ಸರಾಗವಾಗಿ ನಡೆದಂತೆಯೇ ಕಾಣುತ್ತದೆ. ಬರೆಯಹೊರಟರೆ ಮಾತ್ರ ಮೊದಲ ಡಿಸ್ಕಿನ ಪಟ್ಟಿಯು ಎರಡನೆಯದರ ಮೇಲೆ ಬಿದ್ದು ಎರಡನೆಯದು ಹಾಳಾಗುತ್ತದೆ.

ಕೇಬಲ್ ಸರಿಯಿದ್ದೂ ಓದು ವಿಫಲವಾಗುವ ಸಂದರ್ಭಗಳುಂಟು. 360 ಕಿಲೋಬೈಟಿನ ಡ್ರೈವಿನಲ್ಲಿ 40 ಅಗಲವಾದ ಟ್ರ್ಯಾಕುಗಳು, 1.2 ಮೆಗಾಬೈಟಿನದರಲ್ಲಿ 80 ಕಿರಿದಾದ ಟ್ರ್ಯಾಕುಗಳು. ಹಳೆಯ ಡ್ರೈವಿನಲ್ಲಿ ಬರೆದುದರ ಮೇಲೆ ಹೊಸ ಡ್ರೈವಿನಲ್ಲಿ ತಿದ್ದಿದರೆ ಅಗಲವಾದ ಹಳೆಯ ಬರಹದ ನಡುವೆ ಕಿರಿದಾದ ಹೊಸ ಬರಹ ಕೂರುತ್ತದೆ. ಹೊಸ ಡ್ರೈವ್ ತನ್ನ ತಿದ್ದುಪಡಿಯನ್ನು ಮಾತ್ರ ಓದುತ್ತದೆ; ಹಳೆಯದು ಎರಡನ್ನೂ ಒಟ್ಟಿಗೆ ಓದಿ ತಡವರಿಸುತ್ತದೆ. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಇದು ಅಪರಿಚಿತವೆನಿಸದು: ಒಂದೇ ಗರಿಯ ಮೇಲೆ ಎರಡು ಕೈಗಳ ಬರಹವಿದ್ದಾಗ ಯಾವುದನ್ನು ಪಾಠವೆಂದು ಎತ್ತಿಕೊಳ್ಳಬೇಕೆಂಬ ತೊಡಕಿನ ಯಾಂತ್ರಿಕ ರೂಪ ಅದು. ಹೆಡ್ಡಿನ ಜೋಡಣೆ ಸ್ವಲ್ಪ ವಾಲಿದ ಡ್ರೈವ್ ಕೂಡ ಹೀಗೆಯೇ. ತಾನು ಬರೆದುದನ್ನು ಅದು ನಿರಾತಂಕವಾಗಿ ಓದುತ್ತದೆ. ಅದೇ ಡಿಸ್ಕ್ ಬೇರೆಲ್ಲಿಯೂ ಓದಿಗೆ ಸಿಗುವುದಿಲ್ಲ. ಆದ್ದರಿಂದ ಡಿಸ್ಕನ್ನು ಬರೆದ ಮೂಲ ಡ್ರೈವ್ ಉಳಿದಿದ್ದರೆ ಅದನ್ನು ‘ರಿಪೇರಿ’ ಮಾಡುವ ಮೊದಲು ಎರಡು ಬಾರಿ ಯೋಚಿಸಬೇಕಾಗುತ್ತದೆ.

ಒಂದೇ ರೂಪ, ಬೇರೆ ತಿರುಚು

ಅಲನ್ ಶುಗಾರ್ಟ್ 1979ರಲ್ಲಿ ಸಹಸ್ಥಾಪಿಸಿದ, ಮುಂದೆ ಸೀಗೇಟ್ ಎಂದು ಹೆಸರಾದ ಸಂಸ್ಥೆ 1980ರಲ್ಲಿ ಎಸ್‌ಟಿ-506 ಎಂಬ 5 ಮೆಗಾಬೈಟಿನ ಹಾರ್ಡ್ ಡಿಸ್ಕನ್ನು ತಂದಿತು. ಅದರ ಮುಂದಿನ ರೂಪವಾದ ಎಸ್‌ಟಿ-412 ಮಾದರಿಯು 1983ರ ಮಾರ್ಚಿನಲ್ಲಿ ಬಂದ ಐಬಿಎಂ ಪಿಸಿ ಎಕ್ಸ್‌ಟಿ ಯಂತ್ರದಲ್ಲಿ ಬಳಕೆಯಾಯಿತು: 306 ಸಿಲಿಂಡರುಗಳು, 4 ಹೆಡ್ಡುಗಳು, ಟ್ರ್ಯಾಕಿಗೆ 17 ಸೆಕ್ಟರುಗಳು, ಒಟ್ಟು 10 ಮೆಗಾಬೈಟು. ಈ ಡಿಸ್ಕುಗಳಿಗೆ ಎರಡೆರಡು ಕೇಬಲುಗಳು ಬೇಕಿದ್ದವು. 20 ತಂತಿಗಳ ಕಿರಿದಾದದ್ದು ಪ್ರತಿ ಡಿಸ್ಕಿಗೂ ಪ್ರತ್ಯೇಕವಾಗಿ ದತ್ತಾಂಶಕ್ಕಾಗಿ. 34 ತಂತಿಗಳ ಅಗಲವಾದದ್ದು ಎಲ್ಲಕ್ಕೂ ಸೇರಿ ಆಜ್ಞೆಗಳಿಗಾಗಿ.

ತೊಡಕು ಈ ಎರಡನೆಯದರಲ್ಲಿತ್ತು. ಅದು ಫ್ಲಾಪಿ ಕೇಬಲಿನಷ್ಟೇ ಅಗಲ, ಅದೇ ಬಣ್ಣ, ಅದೇ ಸಂಖ್ಯೆಯ ಪಿನ್ನುಗಳು. ಎರಡು ಡಿಸ್ಕುಗಳ ವ್ಯವಸ್ಥೆಯಲ್ಲಿ ಅದಕ್ಕೂ ಒಂದು ತಿರುಚು. ಆದರೆ ಇಲ್ಲಿ ತಿರುಚಿದ್ದು 25ರಿಂದ 29ರವರೆಗಿನ ಐದು ತಂತಿಗಳನ್ನು. ಒಂದರ ಬದಲು ಇನ್ನೊಂದನ್ನು ಹಾಕಿದರೆ ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಪರದೆಯ ಮೇಲೆ 1701 ಎಂಬ ಹಾರ್ಡ್ ಡಿಸ್ಕಿನ ದೋಷಸಂಖ್ಯೆ ಬರುತ್ತದೆ. ಕೇಬಲನ್ನು ಬೆಳಕಿಗೆ ಹಿಡಿದು ತಿರುಚು ಎಲ್ಲಿದೆಯೆಂದು ತಂತಿಗಳನ್ನು ಎಣಿಸುವುದೇ ಇದಕ್ಕೆ ಪರೀಕ್ಷೆ. ಇದಲ್ಲದೆ, ಒಂದು ತಯಾರಿಕೆಯ ಕಂಟ್ರೋಲರ್ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಇನ್ನೊಂದು ತಯಾರಿಕೆಯದು ಓದಲಾರದೆ ಹೋಗುವುದು ಸಾಮಾನ್ಯವಾಗಿತ್ತು. ಡಿಸ್ಕನ್ನಷ್ಟೇ ಕಳಚಿ ಜೋಪಾನವಾಗಿಟ್ಟು ಕಾರ್ಡನ್ನು ಗುಜರಿಗೆ ಹಾಕಿದವರು ತಿಳಿಯದೆಯೇ ಬಾಗಿಲನ್ನುಳಿಸಿಕೊಂಡು ಬೀಗದ ಕೈಯನ್ನು ಕಳೆದುಕೊಂಡರು.

1984ರ ಆಗಸ್ಟಿನಲ್ಲಿ ಬಂದ ಐಬಿಎಂ ಎಟಿ, ಗುರುತನ್ನಿಡಲು ಮೂರನೆಯ ಜಾಗವೊಂದನ್ನು ಹುಡುಕಿತು. ಡಿಸ್ಕಿನ ಬಗೆಯನ್ನು ಸೂಚಿಸುವ ಸಂಖ್ಯೆಯನ್ನು ಬ್ಯಾಟರಿಯಿಂದ ನಡೆಯುವ ಸಿಮಾಸ್ ಸ್ಮೃತಿಯಲ್ಲಿ ಬರೆದಿಡಲಾಯಿತು. ಬ್ಯಾಟರಿ ಬರಿದಾದರೆ ಯಂತ್ರಕ್ಕೆ ಮರೆವು ಕವಿದು 161 ಎಂಬ ಸಂಖ್ಯೆ ಬರುತ್ತದೆ. ಡಿಸ್ಕ್ ಸುರಕ್ಷಿತವಾಗಿದ್ದರೂ ಅದಕ್ಕೆ ಕಾಣಿಸುವುದಿಲ್ಲ. ಆಗ ಅಂದಾಜಿನಿಂದ ಬೇರೊಂದು ಬಗೆಯ ಸಂಖ್ಯೆಯನ್ನು ಕೊಟ್ಟರೆ ಹೆಡ್ಡುಗಳ ಲೆಕ್ಕ ತಪ್ಪಿ, ಒಂದು ಪುಟದ ಮುಂದೆ ಇನ್ನೆಲ್ಲಿಯದೋ ಪುಟ ಬಂದಂತೆ ಬರಹ ಚೆಲ್ಲಾಪಿಲ್ಲಿಯಾಗುತ್ತದೆ. ಅದನ್ನು ಕಂಡು ಡಿಸ್ಕ್ ಹಾಳಾಗಿದೆಯೆಂದು ಹೊಸದಾಗಿ ಫಾರ್ಮ್ಯಾಟ್ ಮಾಡುವವರೆಗೂ ಮೂಲ ಬರಹ ಯಥಾವತ್ತಾಗಿ ಇದ್ದೇ ಇರುತ್ತದೆ.

ಯಜಮಾನ ಮತ್ತು ಸೇವಕ: ರೂಪಕದ ತೊಡಕು

1986ರ ಹೊತ್ತಿಗೆ ಕಾಂಪ್ಯಾಕ್, ವೆಸ್ಟರ್ನ್ ಡಿಜಿಟಲ್ ಮತ್ತು ಕಂಟ್ರೋಲ್ ಡೇಟಾ ಸಂಸ್ಥೆಗಳ ಸಹಯೋಗದಿಂದ ಕಂಟ್ರೋಲರನ್ನು ಡಿಸ್ಕಿನ ಮೈಗೇ ಅಂಟಿಸುವ ಐಡಿಇ ಪದ್ಧತಿ ಬಂದಿತು. ಡಿಸ್ಕಿಗೂ ಕಂಟ್ರೋಲರಿಗೂ ಇದ್ದ ಅಗಲಿಕೆಯ ಸಮಸ್ಯೆ ಇದರಿಂದ ತೀರಿತು. ಕೇಬಲ್ ಒಂದೇ ಆಯಿತು, ಪಿನ್ನುಗಳು 40 ಆದವು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಇದನ್ನು ಎಟಿಎ ಎಂಬ ಹೆಸರಿನಲ್ಲಿ ಮಾನಕವಾಗಿ ಅಂಗೀಕರಿಸಿತು. ಒಂದು ಕೇಬಲಿಗೆ ಎರಡು ಡಿಸ್ಕುಗಳು. ಅವುಗಳ ಗುರುತು ಮತ್ತೆ ಜಂಪರಿಗೆ ಮರಳಿತು. ಈ ಸಲ ಅದರ ಜೊತೆಗೆ ‘ಮಾಸ್ಟರ್’ ಮತ್ತು ‘ಸ್ಲೇವ್’ ಎಂಬ ಹೆಸರುಗಳು ಬಂದವು.

ಈ ರೂಪಕವು ದೋಷಶೋಧನೆಯನ್ನೇ ದಾರಿ ತಪ್ಪಿಸಿದ್ದುಂಟು. ಮೊದಲ ಡಿಸ್ಕ್ ಎರಡನೆಯದನ್ನು ಆಳುತ್ತದೆ, ಅದರ ಮೂಲಕವೇ ಎರಡನೆಯದಕ್ಕೆ ಆಜ್ಞೆ ಹೋಗುತ್ತದೆ ಎಂದು ಹೆಸರಿನಿಂದ ಊಹಿಸಿದವರು ಹಲವರು. ವಾಸ್ತವದಲ್ಲಿ ಎರಡೂ ಕಂಪ್ಯೂಟರಿನ ಆಜ್ಞೆಯನ್ನು ನೇರವಾಗಿ ಪಡೆಯುತ್ತವೆ. ಅವುಗಳ ನಡುವೆ ಇರುವ ಸಂಬಂಧ ಅತ್ಯಲ್ಪ: ಆರಂಭದಲ್ಲಿ ಎರಡನೆಯದು ತಾನಿದ್ದೇನೆಂದೂ ತನ್ನ ಪರೀಕ್ಷೆ ಮುಗಿಯಿತೆಂದೂ ಮೊದಲನೆಯದಕ್ಕೆ ಎರಡು ತಂತಿಗಳ ಮೂಲಕ ತಿಳಿಸುತ್ತದೆ. ಆ ಸೂಚನೆಗಾಗಿ ಮೊದಲನೆಯದು ಕಾಯುತ್ತದೆ. ಕೆಲವು ಡಿಸ್ಕುಗಳಲ್ಲಿ ‘ಒಂಟಿ’ ಮತ್ತು ‘ಜೊತೆಯಿರುವ ಮಾಸ್ಟರ್’ ಎಂಬ ಎರಡು ಪ್ರತ್ಯೇಕ ಜಂಪರ್ ಸ್ಥಾನಗಳಿದ್ದದ್ದು ಇದಕ್ಕಾಗಿಯೇ. ಒಂಟಿ ಡಿಸ್ಕನ್ನು ಜೊತೆಯಿರುವಂತೆ ಇಟ್ಟರೆ ಅದು ಬಾರದ ಸಂಗಾತಿಗಾಗಿ ಕಾಯುತ್ತ ಯಂತ್ರವನ್ನು ತಡೆದು ನಿಲ್ಲಿಸುತ್ತದೆ. ಎಟಿಎ ಮಾನಕದ ಮುಂದಿನ ಆವೃತ್ತಿಗಳು ಇವನ್ನು ‘ಸಾಧನ 0’, ‘ಸಾಧನ 1’ ಎಂದೇ ಕರೆದವು. ಹೆಸರಿನ ನೈತಿಕತೆಯ ಪ್ರಶ್ನೆಯೂ ಎದ್ದಿತು: 2003ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಆಡಳಿತ ತನಗೆ ಸಾಮಗ್ರಿ ಪೂರೈಸುವವರು ‘ಸ್ಲೇವ್’ ಎಂಬ ಪದವನ್ನು ಕೈಬಿಡಬೇಕೆಂದು ಕೋರಿತು.

ಜಾಗದಿಂದ ಹೆಸರು ಕೊಡುವ ತತ್ತ್ವ ಇಲ್ಲಿಯೂ ಮರಳಿ ಬಂದಿತು. ‘ಕೇಬಲ್ ಸೆಲೆಕ್ಟ್’ ವಿಧಾನದಲ್ಲಿ 28ನೆಯ ಪಿನ್ ಡಿಸ್ಕಿನ ಗುರುತನ್ನು ನಿರ್ಧರಿಸುತ್ತದೆ. ಅಲ್ಟ್ರಾ ಡಿಎಂಎ-66 ವೇಗದ ಜೊತೆಗೆ ಬಂದ 80 ತಂತಿಗಳ ಕೇಬಲಿನಲ್ಲಿ ನೀಲಿ ಕನೆಕ್ಟರ್ ಮದರ್‌ಬೋರ್ಡಿಗೆ, ತುದಿಯ ಕಪ್ಪು ಕನೆಕ್ಟರ್ ಸಾಧನ 0ಕ್ಕೆ, ನಡುವಿನ ಬೂದುಬಣ್ಣದ್ದು ಸಾಧನ 1ಕ್ಕೆ. ನಡುವಿನದಕ್ಕೆ 28ನೆಯ ತಂತಿಯ ಸಂಪರ್ಕವನ್ನೇ ಕೊಟ್ಟಿರುವುದಿಲ್ಲ. ಟಿಆರ್‌ಎಸ್-80 ಕೇಬಲಿನ ಕಿತ್ತ ಹಲ್ಲು ಎರಡು ದಶಕಗಳ ಬಳಿಕ ಮತ್ತೆ ಕಾಣಿಸಿಕೊಂಡಿತು.

ಕನ್ನಡ ಬರಹದ ಎರಡನೆಯ ವಿಳಾಸ

1984ರ ನವೆಂಬರಿನ ಕಂಪ್ಯೂಟರ್ ನೀತಿಯ ನಂತರ ಭಾರತದಲ್ಲಿ ಎಕ್ಸ್‌ಟಿ ಮತ್ತು ಎಟಿ ಮಾದರಿಯ ಯಂತ್ರಗಳು ಹರಡತೊಡಗಿದವು. ಕನ್ನಡ ಬರಹ ಫ್ಲಾಪಿಗಿಳಿದದ್ದು ಈ ಯಂತ್ರಗಳ ಮೂಲಕ. ಅಲ್ಲಿ ಡ್ರೈವಿನ ವಿಳಾಸದ ಜೊತೆಗೆ ಅಕ್ಷರದ ವಿಳಾಸವೆಂಬ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಹಾಗೂ 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತವ್ಯವಸ್ಥೆಗಳಲ್ಲಿ ಬ್ರಾಹ್ಮೀಮೂಲದ ಲಿಪಿಗಳೆಲ್ಲಕ್ಕೂ ಒಂದೇ ಕೋಷ್ಟಕ. ಕನ್ನಡದ ‘ಕ’, ಮಲಯಾಳಂ, ತೆಲುಗು, ದೇವನಾಗರಿಗಳ ‘ಕ’ ಎಲ್ಲವೂ 179 ಎಂಬ ಒಂದೇ ಸಂಖ್ಯೆ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ಲಿಪಿಸೂಚಕದಿಂದ ಇಲ್ಲವೇ ಯಂತ್ರದ ಆಯ್ಕೆಯಿಂದ ನಿಗದಿಯಾಗುತ್ತಿತ್ತು. ಎರಡು ಲಿಪಿಗಳ ನಡುವೆ ಬದುಕುವ ಗಡಿನಾಡಿನ ಓದುಗರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ: ಕಾಸರಗೋಡಿನ ಕನ್ನಡ ಬರಹವೊಂದು ಮಲಯಾಳಂ ಲಿಪಿಯಲ್ಲಿಯೋ, ಸೊಲ್ಲಾಪುರದ್ದು ದೇವನಾಗರಿಯಲ್ಲಿಯೋ ಪರದೆಯ ಮೇಲೆ ಮೂಡಿದರೆ ಕಡತ ಕೆಟ್ಟಿದೆಯೆಂದಾಗಲಿ, ಅದು ಬೇರೆ ಭಾಷೆಯದೆಂದಾಗಲಿ ಹೇಳಲಾಗದು. ಎರಡನೆಯ ಡ್ರೈವ್ ಎಂದುಕೊಂಡದ್ದನ್ನು ತಿರುಚು ಮೊದಲನೆಯದಾಗಿಸುವಂತೆ, ಇಲ್ಲಿ ಒಂದು ಸೂಚಕವು ಅದೇ ಸಂಖ್ಯೆಗಳನ್ನು ಬೇರೆ ಲಿಪಿಯಾಗಿಸಿರುತ್ತದೆ.

ಡಿಟಿಪಿ ಕಾಲದ ಫಾಂಟ್ ಆಧಾರಿತ ಬರಹಗಳ ಸ್ಥಿತಿ ಇನ್ನೂ ಜಟಿಲ. ಶ್ರೀಲಿಪಿ, 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ ಮುಂತಾದವು ಅಕ್ಷರವನ್ನು ಆಕಾರದ ತುಣುಕುಗಳಾಗಿ ಒಡೆದು, ಒಂದೊಂದು ತುಣುಕಿಗೂ ತಮ್ಮದೇ ಸಂಖ್ಯೆ ಕೊಟ್ಟವು. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಬರಹ ರೋಮನ್ ಅಕ್ಷರಗಳ, ವಿಚಿತ್ರ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಕರ್ನಾಟಕ ಸರ್ಕಾರ ಒಪ್ಪಿದ ಸಂಕೇತವು ರಾಜ್ಯದ ಕಚೇರಿಗಳಿಗೆ ಕಟ್ಟಳೆಯಾಗಿತ್ತು. ಗಡಿಯಾಚೆಯ ಮುದ್ರಣಾಲಯಕ್ಕಾಗಲಿ ಸಂಘದ ಕಚೇರಿಗಾಗಲಿ ಅದು ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಹೊರನಾಡಿನ ಫ್ಲಾಪಿಯೊಂದರ ಕನ್ನಡ ಯಾವ ಸಂಕೇತದಲ್ಲಿದೆ ಎಂಬುದನ್ನು ಮೊದಲೇ ಊಹಿಸುವಂತಿಲ್ಲ.

ಇಂದು ಇಂಥ ಡಿಸ್ಕುಗಳನ್ನು ಓದಲು ಕ್ರಯೋಫ್ಲಕ್ಸ್, ಗ್ರೀಸ್‌ವೀಸಲ್ ಮೊದಲಾದ ಪುಟ್ಟ ಬೋರ್ಡುಗಳು ಬಂದಿವೆ. ಕಡತವನ್ನು ಹುಡುಕುವ ಬದಲು ಅವು ಡಿಸ್ಕಿನ ಕಾಂತೀಯ ಬದಲಾವಣೆಗಳನ್ನೇ ನೇರವಾಗಿ ದಾಖಲಿಸಿಕೊಳ್ಳುತ್ತವೆ. ಆದರೂ ಅವುಗಳಿಂದ ಡ್ರೈವಿಗೆ ಹೋಗುವುದು ಅದೇ 34 ತಂತಿಗಳ ಕೇಬಲು. ಗ್ರೀಸ್‌ವೀಸಲ್ ಬಳಸುವವರು ಡ್ರೈವನ್ನು ಐಬಿಎಂ ರೀತಿಯಲ್ಲಿ ‘ಎ’, ‘ಬಿ’ ಎಂದು ಕರೆಯಬೇಕೋ ಶುಗಾರ್ಟ್ ರೀತಿಯಲ್ಲಿ 0, 1, 2 ಎಂದು ಕರೆಯಬೇಕೋ ಎಂಬುದನ್ನು ಇಂದಿಗೂ ತಿಳಿಸಬೇಕಾಗುತ್ತದೆ. 1976ರ ಪ್ರಶ್ನೆ ಉತ್ತರಕ್ಕಾಗಿ ಮತ್ತೆ ಎದುರು ನಿಲ್ಲುತ್ತದೆ.

ಈ ಚರಿತ್ರೆಯಿಂದ ಪತ್ರಾಗಾರಗಳಿಗೆ ದೊರೆಯುವ ಕ್ರಮ ಸ್ಪಷ್ಟವಾಗಿದೆ. ಡಿಸ್ಕನ್ನು ಡ್ರೈವಿಗೆ ಹಾಕುವ ಮೊದಲು ಬರಹರಕ್ಷಣೆ: 5¼ ಇಂಚಿನದರಲ್ಲಿ ಅಂಚಿನ ಕಚ್ಚನ್ನು ಮುಚ್ಚಿದರೆ ರಕ್ಷಣೆ, 3½ ಇಂಚಿನದರಲ್ಲಿ ಕಿಂಡಿಯನ್ನು ತೆರೆದರೆ ರಕ್ಷಣೆ, ಎರಡೂ ಪರಸ್ಪರ ವಿರುದ್ಧ. ಆಮೇಲೆ ಹೆಡ್ಡಿನ ಶುದ್ಧಿ, ಕೇಬಲಿನ ದಿಕ್ಕು, ತಿರುಚಿನ ಸ್ಥಾನ, ಜಂಪರ್, ಟರ್ಮಿನೇಟರ್. ಬೆಲೆಯಿಲ್ಲದ ಡಿಸ್ಕೊಂದರ ಮೇಲೆ ಪ್ರಯೋಗ. ಕೊನೆಗೆ ಮೂಲ ಡಿಸ್ಕಿನ ಪೂರ್ಣ ಪ್ರತಿ. ಆ ಪ್ರತಿಯಿಂದಲೇ ಲಿಪಿಯ, ಫಾಂಟಿನ ಶೋಧ ನಡೆಯಬೇಕು. ಓಲೆಗರಿಯ ಸೂಚಿಯಲ್ಲಿ ಗರಿಗಳ ಸಂಖ್ಯೆ, ಅಳತೆ, ಲಿಪಿ, ಪ್ರತಿಕಾರನ ಹೆಸರುಗಳನ್ನು ದಾಖಲಿಸುವ ಶಿಸ್ತನ್ನು ಕನ್ನಡ ವಿದ್ವತ್ತು ಎಂದೋ ರೂಢಿಸಿಕೊಂಡಿದೆ. ಡಿಸ್ಕನ್ನು ಬರೆದ ಡ್ರೈವಿನ ಬಗೆ, ಅದರ ಜಂಪರಿನ ಸ್ಥಿತಿ, ಬಳಸಿದ ಕೇಬಲು, ಕಡತದ ಅಕ್ಷರಸಂಕೇತ ಎಂಬ ನಾಲ್ಕು ಅಂಕಣಗಳನ್ನು ಫ್ಲಾಪಿಗಳ ಸೂಚಿಗೂ ಸೇರಿಸಿದರೆ ಆ ಶಿಸ್ತು ಇಲ್ಲಿಗೂ ವಿಸ್ತರಿಸುತ್ತದೆ. ಆ ಯಂತ್ರಗಳ ಮುಂದೆ ಕುಳಿತು ಕನ್ನಡ ಅಚ್ಚುಮೊಳೆ ಜೋಡಿಸಿದಂತೆ ಅಕ್ಷರ ಜೋಡಿಸಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಆ ಅಂಕಣಗಳನ್ನು ತುಂಬಿಸಿಕೊಳ್ಳುವುದು ಸಾಧ್ಯ.